ಹುಟ್ಟುಹಬ್ಬ ಇದೆ, ಸಿನಿಮಾ ಎಲ್ಲಿ?

ಮಾರ್ಚ್ 3 ಬಂತು ಅಂದ್ರೆ ಸಾಕು, ಎಲ್ಲರ ಸ್ಟೇಟಸ್‌ನಲ್ಲೂ ಕನ್ನಡ ಚಿತ್ರರಂಗದ ಹುಟ್ಟುಹಬ್ಬದ ಶುಭಾಶಯ. 1934ರ ಆ ದಿನ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ 'ಸತಿ ಸುಲೋಚನ' ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರ, ಅಂದರೆ ತೆರೆಯ ಮೇಲೆ ಕನ್ನಡ ಮಾತಾಡಿದ ಮೊದಲ ಸಿನಿಮಾ. ಇಷ್ಟು ಕ್ವಿಜ್ ಆಡೋ ಎಲ್ಲರಿಗೂ ಗೊತ್ತು. ಕ್ವಿಜ್‌ನಲ್ಲಿ ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಆ ಸಿನಿಮಾ ಈಗ ಎಲ್ಲಿದೆ?

ಎಲ್ಲೂ ಇಲ್ಲ. ಯೂಟ್ಯೂಬ್‌ನಲ್ಲಿ ಇಲ್ಲ, ಟೆಲಿಗ್ರಾಮ್‌ನಲ್ಲಿ ಇಲ್ಲ, ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲೂ ಇಲ್ಲ. ಒಂದೇ ಒಂದು ಪ್ರತಿಯೂ ಉಳಿದಿಲ್ಲ. ಕೆಲವು ಸ್ಥಿರಚಿತ್ರ, ಜಾಹೀರಾತು, ನೋಡಿದವರು ಹೇಳಿದ್ದನ್ನ ಕೇಳಿದವರು ಬರೆದಿಟ್ಟ ಮಾತು, ಇಷ್ಟೇ ನಮ್ಮ ಪಾಲಿಗೆ ಬಂದಿರೋದು. ನಾವು ಹುಟ್ಟುಹಬ್ಬ ಮಾಡ್ತಿರೋದು ನಮ್ಮಲ್ಲಿ ಯಾರೂ ಮುಖ ನೋಡದ, ದನಿ ಕೇಳದ ಒಂದು ಸಿನಿಮಾಗೆ.

ಇದನ್ನ 'ಕಾಲದ ಮಹಿಮೆ' ಅಂತ ಬಿಟ್ಟುಬಿಡೋದು ಸುಲಭ. ನಮಗೆ ಹಾಗೆ ಅನ್ನಿಸಲ್ಲ. ಆ ಕಾಲದ ಸಿನಿಮಾಗಳು ಕಳೆದುಹೋಗಿದ್ದು ವಿಧಿಯಿಂದಲ್ಲ. ಅವನ್ನ ಉಳಿಸೋದು ಯಾರ ಕೆಲಸವೂ ಆಗಿರಲಿಲ್ಲ, ಅದಕ್ಕೇ ಹೋದವು. ಉಳಿಸೋ ಕೆಲಸದಲ್ಲಿ ಮುಕ್ಕಾಲು ಪಾಲು ಎಂಜಿನಿಯರಿಂಗ್ ಕೆಲಸ. ಅದಕ್ಕೇ ಈ ಮಾತನ್ನ ಚಿಕ್ಕಬಾಣಾವರದಲ್ಲಿ ಕೂತು, ಎಂಜಿನಿಯರಿಂಗ್ ಓದೋರ ಮುಂದೆ ಇಡ್ತಿದ್ದೀವಿ.

ಮೊದಲು ಕಳೆದುಹೋಗಿದ್ದು ಏನು ಅಂತ ನೋಡೋಣ.

1934ಕ್ಕೆ ಮುಂಚೆ ಸಿನಿಮಾ ಇರಲಿಲ್ಲ ಅಂತಲ್ಲ. ಮೂಕಿ ಚಿತ್ರಗಳಿದ್ದವು. ಮೂಕಿಗೆ ಭಾಷೆ ಇಲ್ಲ. ನಡುನಡುವೆ ಬರೋ ಬರಹದ ಪಟ್ಟಿ ಬದಲಾಯಿಸಿದರೆ ಬೆಂಗಳೂರಲ್ಲಿ ತೆಗೆದ ಚಿತ್ರ ಲಾಹೋರಿನಲ್ಲೂ ಓಡುತ್ತೆ. ನಮ್ಮ ಸ್ಟೇಷನ್‌ನಲ್ಲಿ ತುಮಕೂರು ಕಡೆ ಹೋಗೋ ಗಾಡಿ ಹತ್ತಿದರೆ, ತುಮಕೂರು ದಾಟಿದ ಮೇಲೆ ಗುಬ್ಬಿ ಬರುತ್ತಲ್ಲ, ಆ ಗುಬ್ಬಿಯ ವೀರಣ್ಣನವರು ನಾಟಕ ಕಂಪನಿ ನಡೆಸ್ತಾ ನಡೆಸ್ತಾನೇ 'ಹರಿಮಾಯ' ಥರದ ಮೂಕಿ ಚಿತ್ರಗಳಿಗೂ ಕೈ ಹಾಕಿದ್ದರು. ಆದರೆ ಅವನ್ನ ಯಾರೂ 'ಕನ್ನಡ ಸಿನಿಮಾ' ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ. ಸಿನಿಮಾಕ್ಕೆ ಬಾಯಿ ಬಂದ ಮೇಲೇ ಅದಕ್ಕೆ ಮಾತೃಭಾಷೆ ಅಂತ ಒಂದು ಬಂದಿದ್ದು.

ಬಾಯಿ ಬಂದಿದ್ದು 1931ರ ಮಾರ್ಚ್ 14ಕ್ಕೆ, ಬೊಂಬಾಯಿಯಲ್ಲಿ. ಅರ್ದೇಶಿರ್ ಇರಾನಿ ಅವರ 'ಆಲಂ ಆರಾ' ಹಿಂದಿಯಲ್ಲಿ ಮಾತಾಡಿತು. ಸ್ವಲ್ಪ ದಿನಕ್ಕೇ ತಮಿಳು, ತೆಲುಗು ಟಾಕಿಗಳು ಬಂದವು. ಕನ್ನಡಕ್ಕೆ ಹಿಡಿದಿದ್ದು ಮೂರು ವರ್ಷ. ಕಥೆ ಇರಲಿಲ್ಲವಾ? ನಾಟಕ ಕಂಪನಿಗಳ ಹತ್ತಿರ ಕಥೆಗಳ ರಾಶಿಯೇ ಇತ್ತು. ನಟರಿರಲಿಲ್ಲವಾ? ಮೈಕ್ ಇಲ್ಲದೆ ಸಾವಿರ ಜನಕ್ಕೆ ಕೇಳೋ ಹಾಗೆ ಕಂದಪದ್ಯ ಹಾಡೋರು ಊರೂರಲ್ಲಿದ್ದರು. ಇಲ್ಲದೇ ಇದ್ದದ್ದು ಧ್ವನಿಮುದ್ರಣ ಮಾಡೋ ಸ್ಟುಡಿಯೋ, ಯಂತ್ರ. ಹೀಗಾಗಿ 'ಸತಿ ಸುಲೋಚನ'ದ ತಂಡ ಕೊಲ್ಹಾಪುರಕ್ಕೆ ಹೋಗಿ, ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣ ಮಾಡಿತು. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಅವರ 'ಸೌತ್ ಇಂಡಿಯಾ ಮೂವಿಟೋನ್' ಹಾಕಿದ ಬಂಡವಾಳ ಸುಮಾರು 40,000 ರೂಪಾಯಿ. ನಿರ್ದೇಶಕರು ಮೂಕಿ ಚಿತ್ರಗಳಲ್ಲಿ ಪಳಗಿ ಬಂದ ವೈ.ವಿ. ರಾವ್. ಸಂಭಾಷಣೆ, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಇಂದ್ರಜಿತು ಆಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರ ರಾವ್, ಸುಲೋಚನೆಯಾಗಿ ತ್ರಿಪುರಾಂಬ.

ಹಳೇ ಹೆಸರು ಅಂತ ಕಣ್ಣು ಹಾಯಿಸಿ ಮುಂದೆ ಹೋಗಬೇಡಿ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, 'ಭೂತಯ್ಯನ ಮಗ ಅಯ್ಯು' ನೋಡಿದವರಿಗೆ ಹೇಳಬೇಕಾಗಿಲ್ಲ. ಲೋಕೇಶ್ ಅವರ ಮಗ ಸೃಜನ್ ಲೋಕೇಶ್. ವೈ.ವಿ. ರಾವ್ ಅವರ ಮಗಳು ನಟಿ ಲಕ್ಷ್ಮಿ. ನಾಗೇಂದ್ರ ರಾಯರ ಮಗ ಗೀತರಚನೆಕಾರ ಆರ್.ಎನ್. ಜಯಗೋಪಾಲ್. ಮೊಮ್ಮಗ ಟಿವಿಯಲ್ಲಿ ನಗಿಸೋದನ್ನ ಮನೆಮಂದಿಯೆಲ್ಲ ನೋಡ್ತೀವಿ. ತಾತ ಇಂದ್ರಜಿತುವಾಗಿ ಗುಡುಗಿದ್ದನ್ನ ಮಾತ್ರ ಇನ್ನು ಯಾರೂ ಕೇಳೋ ಹಾಗಿಲ್ಲ.

ಇಲ್ಲಿ ಇಸಿ ಬ್ರಾಂಚಿನವರು ಸ್ವಲ್ಪ ಕಿವಿ ಕೊಡಬೇಕು. ಫಿಲ್ಮ್ ಮೇಲೆ ಧ್ವನಿ ಅಂದರೆ ಬೆಳಕು. ಮೈಕ್‌ನಿಂದ ಬಂದ ವಿದ್ಯುತ್ ಏರಿಳಿತವನ್ನ ಬೆಳಕಿನ ಏರಿಳಿತ ಮಾಡಿ, ಚಿತ್ರದ ಪಕ್ಕದಲ್ಲೇ ಒಂದು ಸಣ್ಣ ಪಟ್ಟಿಯಾಗಿ ಫಿಲ್ಮ್ ಮೇಲೆ ಮೂಡಿಸ್ತಿದ್ದರು. ಪ್ರೊಜೆಕ್ಟರಿನಲ್ಲಿ ಆ ಪಟ್ಟಿಯ ಮೂಲಕ ಬೆಳಕು ಹಾಯಿಸಿ, ಆಚೆ ಕಡೆ ಒಂದು ಫೋಟೋಸೆಲ್ ಇಟ್ಟರೆ ಅದೇ ವಿದ್ಯುತ್ ವಾಪಸ್ ಸಿಗುತ್ತೆ. ಚಿತ್ರ ನಿಂತು ನಿಂತು ಚಲಿಸಬೇಕು, ಧ್ವನಿ ಎಲ್ಲೂ ನಿಲ್ಲದೆ ಹರಿಯಬೇಕು. ಅದಕ್ಕೇ ಧ್ವನಿಯನ್ನ ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಮುದ್ರಿಸ್ತಾರೆ. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಈ ಪ್ರಯೋಗ ಇದ್ದಿದ್ದರೆ ಯಾರೂ ಪ್ರಾಕ್ಸಿ ಹಾಕಿಸ್ತಿರಲಿಲ್ಲ.

ಇನ್ನೊಂದು ಮಾತು. ಹಾಡನ್ನ ಮೊದಲೇ ಮುದ್ರಿಸಿಕೊಂಡು ಆಮೇಲೆ ತುಟಿ ಆಡಿಸೋ ಹಿನ್ನೆಲೆ ಗಾಯನ ನಮ್ಮ ದೇಶಕ್ಕೆ ಬಂದಿದ್ದು 1935ರಲ್ಲಿ, ಕಲ್ಕತ್ತಾದ ನ್ಯೂ ಥಿಯೇಟರ್ಸ್ ಚಿತ್ರದಲ್ಲಿ. 'ಸತಿ ಸುಲೋಚನ' ಅದಕ್ಕೂ ಒಂದು ವರ್ಷ ಹಿಂದಿನದು. ಅಂದರೆ ಕ್ಯಾಮೆರಾ ಮುಂದೆ ನಟಿಸಿದವರೇ, ನಟಿಸ್ತಾ ಇರುವಾಗಲೇ ಹಾಡಬೇಕಿತ್ತು. ಆ ಕಾಲದ ಪದ್ಧತಿ ಹೇಗಿತ್ತು ಅಂದರೆ ಹಾರ್ಮೋನಿಯಂ, ತಬಲಾದವರು ಚೌಕಟ್ಟಿನ ಆಚೆ ಕೂತು ನುಡಿಸೋರು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಆ ರೀಲುಗಳಲ್ಲಿ ಕಥೆಗಿಂತ ದೊಡ್ಡದೊಂದು ಇತ್ತು. ಕಂಪನಿ ನಾಟಕದ ನಟರು ಕನ್ನಡವನ್ನ ಹೇಗೆ ಎಳೀತಿದ್ದರು, ಎಲ್ಲಿ ಒತ್ತಿ ಎಲ್ಲಿ ಬಿಡ್ತಿದ್ದರು, ರಂಗಗೀತೆಯನ್ನ ಉಸಿರು ಕಟ್ಟಿ ಹೇಗೆ ಮೇಲಕ್ಕೆ ಒಯ್ಯುತ್ತಿದ್ದರು ಅನ್ನೋದಕ್ಕೆ ಸಾಕ್ಷಿ ಇತ್ತು. ದಾಖಲೆಗಳಲ್ಲಿ ಚಿತ್ರದ ಅವಧಿ 173 ನಿಮಿಷ. ಮೂರು ಗಂಟೆಗೆ ಏಳು ನಿಮಿಷ ಕಮ್ಮಿ, 1934ರ ಕನ್ನಡದ ದನಿ.

ಲೆಕ್ಕ ಹಾಕೋಣ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ. 173 ನಿಮಿಷಕ್ಕೆ 15,570 ಅಡಿ, ಹತ್ತಿರ ಹತ್ತಿರ ನಾಲ್ಕೂಮುಕ್ಕಾಲು ಕಿಲೋಮೀಟರ್. ಚಿಕ್ಕಬಾಣಾವರ ಸ್ಟೇಷನ್‌ನಿಂದ ಯಶವಂತಪುರದ ಕಡೆ ಹಳಿ ಮೇಲೆ ಹಾಸ್ತಾ ಹೋದರೆ ಅರ್ಧ ದಾರಿ ಮುಗಿದಿರುತ್ತೆ. ಇಷ್ಟು ಉದ್ದದ ವಸ್ತು ಒಂದು ಗೇಣೂ ಉಳಿಯದೆ ಹೋಯಿತು.

ಆ ಕಾಲದ ಫಿಲ್ಮ್‌ಗಳು ಹೋದ ದಾರಿ ಮೂರು. ಮೊದಲನೆಯದು ಬೆಂಕಿ. ಆಗಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್. ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇರುತ್ತೆ, ನೀರಲ್ಲಿ ಅದ್ದಿದರೂ ಉರಿಯೋದು ನಿಲ್ಲಲ್ಲ. ಬೆಂಕಿ ಬೀಳದಿದ್ದರೂ ಸೆಕೆ, ತೇವಕ್ಕೆ ತಾನಾಗೇ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತೆ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳು ಸುಟ್ಟುಹೋದವು. ಉಳಿಸೋಕೆ ಅಂತ ಇಟ್ಟ ಕಡೆಯೇ ಹೀಗಾದರೆ, ಟೆಂಟ್ ಟಾಕೀಸಿನ ತಗಡಿನ ಪೆಟ್ಟಿಗೆಯಲ್ಲಿ ಸುತ್ತಿದ್ದರ ಗತಿ ಹೇಳಬೇಕಾ?

ಎರಡನೆಯದು ಸವಕಳಿ. ಪ್ರತಿ ತೆಗೆಸೋದು ದುಬಾರಿ. ಇದ್ದ ಕೆಲವೇ ಪ್ರತಿಗಳು ಊರಿಂದ ಊರಿಗೆ ಹೋಗಿ, ಹರಿದು, ಅಂಟಿಸಿ, ಮತ್ತೆ ಹರಿದು, ಕೊನೆಗೆ ಮೂಲೆ ಸೇರೋವು.

ಮೂರನೆಯದು ಬೆಳ್ಳಿ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಕಪ್ಪು ಕಾಣೋ ಭಾಗ ಅಂದರೆ ಬೆಳ್ಳಿಯ ಸಣ್ಣ ಸಣ್ಣ ಕಣ. ಓಡಿ ಮುಗಿದ ಫಿಲ್ಮನ್ನ ತೂಕಕ್ಕೆ ಕೊಂಡು, ತೊಳೆದು ಬೆಳ್ಳಿ ತೆಗೆಯೋರು ಇದ್ದರು. 'ಆಲಂ ಆರಾ' ಕೂಡ ಇವತ್ತು ಇಲ್ಲ. ಭಂಡಾರದ ಸ್ಥಾಪಕ ಪಿ.ಕೆ. ನಾಯರ್ ಆ ಚಿತ್ರ ಹುಡುಕಿಕೊಂಡು ಇರಾನಿ ಅವರ ಹತ್ತಿರವೇ ಹೋದಾಗ, ಬೆಳ್ಳಿಗೋಸ್ಕರ ರೀಲುಗಳನ್ನ ಕೊಟ್ಟುಬಿಟ್ಟೆ ಅಂತ ಅವರ ಮಗನೇ ಹೇಳಿದ್ದರು. ದೇಶದ ಮೊದಲ ಮಾತು ತೂಕದ ಲೆಕ್ಕದಲ್ಲಿ ಹೋಯಿತು. ನಮ್ಮ ದೇಶದಲ್ಲಿ ತೆಗೆದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಪೂರ್ತಿಯೋ ತುಂಡೋ ಉಳಿದಿರೋದು ಮೂವತ್ತರ ಆಸುಪಾಸು.

ಅವರನ್ನ ಬೈಯೋಕೆ ಇದನ್ನೆಲ್ಲ ಹೇಳ್ತಿಲ್ಲ. ಸಿನಿಮಾ ಆಗ ಜಾತ್ರೆಯ ಸರಕು. ಓಡಿದಷ್ಟು ದಿನ ದುಡ್ಡು, ಆಮೇಲೆ ಜಾಗ ಹಿಡಿಯೋ ಕಸ. 'ಸತಿ ಸುಲೋಚನ' ಬೆಂಗಳೂರಿನಲ್ಲಿ ಆರು ವಾರ ಓಡಿತು, ಹಾಕಿದವರ ಕೆಲಸ ಅಲ್ಲಿಗೆ ಮುಗೀತು. ಮುಂದಿನವರಿಗೆ ಇಡಿ ಅಂತ ಹೇಳೋ ಕಚೇರಿ ಇರಲಿಲ್ಲ. ರಾಷ್ಟ್ರೀಯ ಭಂಡಾರ ಶುರುವಾಗಿದ್ದೇ 1964ರಲ್ಲಿ, ಸಿನಿಮಾ ಬಂದು ಮೂವತ್ತು ವರ್ಷ ಆದ ಮೇಲೆ.

ಹಾಗಾದರೆ ಉಳಿದವು ಹೇಗೆ ಉಳಿದವು? ಪಕ್ಕದ ಕೇರಳದ 'ಮಾರ್ತಾಂಡ ವರ್ಮ' ಕಥೆ ಕೇಳಿ. 1933ರ ಮೂಕಿ ಚಿತ್ರ ಅದು. ಸಿ.ವಿ. ರಾಮನ್ ಪಿಳ್ಳೆ ಅವರ ಕಾದಂಬರಿ ಆಧರಿಸಿದ್ದು. ಕಾದಂಬರಿಯ ಹಕ್ಕು ತಮ್ಮದು ಅಂತ ತಿರುವನಂತಪುರದ ಕಮಲಾಲಯ ಬುಕ್ ಡಿಪೋದವರು ಕೋರ್ಟಿಗೆ ಹೋದರು. ಪ್ರದರ್ಶನ ನಿಂತಿತು, ನಿರ್ಮಾಪಕರು ಕೈಸುಟ್ಟುಕೊಂಡರು, ಪ್ರತಿ ಪುಸ್ತಕದಂಗಡಿಯವರ ವಶವಾಯಿತು. 1974ರಲ್ಲಿ ಭಂಡಾರದವರು ಹೋದಾಗ ಅದು ಅಲ್ಲೇ ಇತ್ತು! ಜನ ಮೆಚ್ಚಿ ಆರು ವಾರ ನೋಡಿದ ಸಿನಿಮಾ ಹೋಯಿತು, ಜನ ನೋಡೋಕೇ ಬಿಡದ ಸಿನಿಮಾ ಉಳೀತು.

ಈ ಕಥೆಯಲ್ಲಿ ನಮಗೊಂದು ಪಾಠ ಇದೆ. ಪ್ರೀತಿ ಒಂದರಿಂದಲೇ ಏನೂ ಉಳಿಯಲ್ಲ. 'ಇದು ಇಂಥವರ ವಶದಲ್ಲಿದೆ' ಅಂತ ಆಗಬೇಕು. ಅಭಿಮಾನ ನಮ್ಮಲ್ಲಿ ಬೇಕಾದಷ್ಟಿದೆ, ಕಟೌಟಿಗೆ ಹಾಲು ಸುರಿಯೋವಷ್ಟಿದೆ. ಕಡಿಮೆ ಇರೋದು ಬೀಗದ ಕೈ ಇಟ್ಟುಕೊಂಡು, ಪಟ್ಟಿ ಬರೆದು, ವರ್ಷಕ್ಕೊಮ್ಮೆ ಪೆಟ್ಟಿಗೆ ತೆಗೆದು ನೋಡೋರು.

ಈ ವಿಷಯ ಎತ್ತಿದಾಗೆಲ್ಲ ನಮ್ಮ ಗೆಳೆಯರು ಕೇಳೋ ಪ್ರಶ್ನೆಗಳಿವೆ. ಒಂದು: ಅದೊಂದು ಪೌರಾಣಿಕ, ಅದರಲ್ಲೂ ಗಂಡ ಸತ್ತ ಮೇಲೆ ಚಿತೆ ಏರೋ ಹೆಂಗಸಿನ ಕಥೆ, ಅದನ್ನ ಯಾಕೆ ಮೆರೆಸಬೇಕು? ಪ್ರಶ್ನೆ ಸರಿಯಾಗೇ ಇದೆ. ಲಕ್ಷ್ಮಣನ ಬಾಣಕ್ಕೆ ಇಂದ್ರಜಿತು ಸತ್ತ ಮೇಲೆ ಸುಲೋಚನೆ ಸಹಗಮನ ಮಾಡ್ತಾಳೆ. ಸಹಗಮನವನ್ನ ಕಾನೂನು ನಿಷೇಧಿಸಿದ್ದು 1829ರಲ್ಲಿ. ನೂರು ವರ್ಷ ಕಳೆದ ಮೇಲೂ ಕನ್ನಡದ ಮೊದಲ ಟಾಕಿಗೆ ಇದೇ ಕಥೆ ಬೇಕಾಯಿತು ಅಂದರೆ, ಅದು ಯೋಚನೆ ಮಾಡಬೇಕಾದ ವಿಷಯವೇ. ಅದೇ ಹೊತ್ತಿಗೆ ರಾವಣನ ಮನೆಯ ಸೊಸೆಯನ್ನ ನಾಯಕಿ ಮಾಡಿದ್ದೂ ಯೋಚನೆ ಮಾಡಬೇಕಾದ ವಿಷಯ. ತ್ರಿಪುರಾಂಬ ಆ ಪಾತ್ರವನ್ನ ಬರೀ ತಲೆತಗ್ಗಿಸಿ ಮಾಡಿದ್ದರೋ, ಮಾವ ರಾವಣನ ಎದುರು ನಿಂತು ಮಾತಾಡಿದ್ದರೋ? ನೋಡಿದರೆ ತಾನೇ ಹೇಳೋಕಾಗೋದು? ಜಗಳ ಆಡೋಕೂ ಸಿನಿಮಾ ಬೇಕು. ಇಲ್ಲದ ಸಿನಿಮಾವನ್ನ ಹೊಗಳೋದು ಸುಲಭ, ವಿಮರ್ಶೆ ಮಾಡೋದು ಅಸಾಧ್ಯ.

ಎರಡನೇ ಪ್ರಶ್ನೆ: ಇದು ಸರ್ಕಾರದ ಕೆಲಸ ಅಲ್ವಾ? ಹೌದು, ಸರ್ಕಾರದ್ದೂ ಹೌದು. ಆದರೆ ಸರ್ಕಾರ ನಿಮ್ಮ ಮನೆ ಅಟ್ಟ ಹತ್ತಲ್ಲ. ನಮ್ಮ ಹಾಸ್ಟೆಲು, ಪಿಜಿಗಳಲ್ಲಿ ಗದಗದವರಿದ್ದಾರೆ, ಬಳ್ಳಾರಿಯವರಿದ್ದಾರೆ, ಹಾಸನ, ಶಿರಸಿ, ಪಾವಗಡದವರಿದ್ದಾರೆ. ಎಷ್ಟೋ ಮನೆಗಳಲ್ಲಿ ತಾತ ಹಾಡಿದ ತತ್ವಪದದ ಕ್ಯಾಸೆಟ್ಟು, ಊರಹಬ್ಬದಲ್ಲಿ ಆಡಿದ 'ಕುರುಕ್ಷೇತ್ರ' ನಾಟಕದ ವಿಎಚ್‌ಎಸ್, ಸಿನಿಮಾ ಟೆಂಟಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಇರುತ್ತೆ. ಆ ಕ್ಯಾಸೆಟ್ಟು ಈಗ 1934ರ ರೀಲಿನ ಸ್ಥಿತಿಯಲ್ಲಿದೆ. ಟೇಪಿನ ಮೇಲಿನ ಕಾಂತೀಯ ಪುಡಿ ಉದುರುತ್ತಿದೆ, ಬೂಷ್ಟು ಹಿಡೀತಿದೆ. ಅದನ್ನ ಓದೋ ಯಂತ್ರವೂ ಹೋಗ್ತಿದೆ. ವಿಎಚ್‌ಎಸ್ ಪ್ಲೇಯರ್ ಮಾಡ್ತಿದ್ದ ಕೊನೆಯ ಜಪಾನಿ ಕಂಪನಿ 2016ರಲ್ಲೇ ನಿಲ್ಲಿಸಿತು. ಟೇಪು ಇದ್ದೂ ಪ್ಲೇಯರ್ ಇಲ್ಲ ಅಂದರೆ, ಬೀಗ ಹಾಕಿದ ಮನೆಯೊಳಗೆ ಬೀಗದ ಕೈ ಬಿಟ್ಟ ಹಾಗೆ.

ಮೂರನೆಯದು ನಮ್ಮವರದೇ ಪ್ರಶ್ನೆ: ಈಗ ಎಲ್ಲ ಡಿಜಿಟಲ್, ಎಲ್ಲಿ ಹೋಗುತ್ತೆ? ಯಾರೋ ಒಬ್ಬ ಸೀನಿಯರ್‌ನ ಕ್ಲೌಡ್ ಖಾತೆಯಲ್ಲಿ ಮಾತ್ರ ಇರೋ ವಿಡಿಯೋ, ಆತ ಪಾಸಾಗಿ ಐಡಿ ಮುಚ್ಚಿದ ದಿನ ಹೋಗುತ್ತೆ. ಒಂದೇ ಪ್ರತಿ ಇದ್ದರೆ ಅದು ಹಾರ್ಡ್ ಡಿಸ್ಕಿನಲ್ಲಿದ್ದರೇನು, ನೈಟ್ರೇಟ್‌ನಲ್ಲಿದ್ದರೇನು? ಬ್ಯಾಕಪ್‌ಗೆ 3-2-1 ಅನ್ನೋ ನಿಯಮ ಇದೆ: ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಬೇರೆ ಊರಲ್ಲಿ. ಪರೀಕ್ಷೆಗೆ ಓದ್ತೀವಿ, ಬರೆದು ಮಾರ್ಕ್ಸ್ ತಗೋತೀವಿ. ಕನ್ನಡಕ್ಕೆ ಅನ್ವಯಿಸಿದರೆ ಯಾರೂ ಬೇಡ ಅನ್ನಲ್ಲ.

ಅದಕ್ಕೆ ನಮ್ಮ ಕಡೆಯಿಂದ ಮೂರು ಮಾತು.

ಮೊದಲನೆಯದು ಮೇಜರ್ ಪ್ರಾಜೆಕ್ಟ್. ಪ್ರತಿ ವರ್ಷ ಮುಖ ಗುರುತಿಸೋ ಹಾಜರಾತಿ, ಸ್ಮಾರ್ಟ್ ಪಾರ್ಕಿಂಗ್, ಸಸಿಗೆ ನೀರು ಬಿಡೋ ಸೆನ್ಸರ್. ವೈವಾ ಮುಗಿದ ಮೇಲೆ ಆ ಮಾಡೆಲ್ ಬೀರುವಿನ ಮೇಲೆ ಧೂಳು ತಿನ್ನುತ್ತೆ. ಪ್ರತಿ ಬ್ಯಾಚಿನಲ್ಲಿ ಒಂದೇ ಒಂದು ತಂಡ ಕನ್ನಡವನ್ನ ಉಳಿಸೋ ಪ್ರಾಜೆಕ್ಟ್ ತಗೊಳ್ಳಲಿ. ಹಳೇ ಕ್ಯಾಸೆಟ್ಟಿನ ಗುಸುಗುಸು ತೆಗೆದು ದನಿ ಮಾತ್ರ ಉಳಿಸೋದು ಇಸಿಯವರ ಕೆಲಸ. ರಾಸ್ಪ್‌ಬೆರಿ ಪೈ, ಒಂದು ಕ್ಯಾಮೆರಾ ಇಟ್ಟು ಸಣ್ಣ ರೀಲುಗಳನ್ನ ಫ್ರೇಮ್ ಫ್ರೇಮಾಗಿ ಸ್ಕ್ಯಾನ್ ಮಾಡೋ ಯಂತ್ರ ಕಟ್ಟೋದು ಮೆಕ್ಯಾನಿಕಲ್‌ನವರ ಕೆಲಸ. ಹಳೇ ಅಚ್ಚಿನ ಹಾಡಿನ ಪುಸ್ತಕ ಓದೋ ಹಾಗೆ ಕಂಪ್ಯೂಟರಿಗೆ ಕಲಿಸೋದು ಸಿಎಸ್‌ನವರ ಕೆಲಸ. ಕಡಿಮೆ ಖರ್ಚಿನಲ್ಲಿ ತೇವ ಹಿಡಿಯದ ಕೋಣೆ ಹೇಗೆ ಕಟ್ಟೋದು ಅಂತ ಸಿವಿಲ್‌ನವರು ಹೇಳಲಿ.

ಎರಡನೆಯದು ಹೆಸರಘಟ್ಟ. ನಮ್ಮ ಗೇಟಿನ ಮುಂದಿನ ರಸ್ತೆಯಲ್ಲೇ ಮುಂದೆ ಹೋದರೆ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಇದರ ಬೇರು ಇರೋದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಹೌದು, ಪಾಲಿಟೆಕ್ನಿಕ್! 1940ರ ದಶಕದಲ್ಲೇ ಅಲ್ಲಿ ಸಿನಿಮಾ ಛಾಯಾಗ್ರಹಣ ಕಲಿಸ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಡಿಪ್ಲೊಮಾ ಮುಗಿಸಿ, ಬೊಂಬಾಯಿಗೆ ಹೋಗಿ ಗುರುದತ್ ಅವರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳಿಗೆ ಬೆಳಕು ಕೊಟ್ಟರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. 1934ರಲ್ಲಿ ಯಂತ್ರ ಇಲ್ಲ ಅಂತ ಕೊಲ್ಹಾಪುರಕ್ಕೆ ಹೋದ ನಾಡು, ಹತ್ತು-ಹನ್ನೆರಡು ವರ್ಷದಲ್ಲಿ ಯಂತ್ರ ನಡೆಸೋ ತಜ್ಞರನ್ನ ತಯಾರು ಮಾಡಿತ್ತು. ಅವರಿಗೂ ನಮಗೂ ನಡುವೆ ಇರೋದು ಒಂದು ಬಸ್ಸಿನ ದೂರ. ಧ್ವನಿ, ಫಿಲ್ಮ್ ಗೊತ್ತಿರೋರು ಅಲ್ಲಿದ್ದಾರೆ, ಕೋಡು, ಸರ್ಕ್ಯೂಟು ಗೊತ್ತಿರೋರು ಇಲ್ಲಿದ್ದೀವಿ. ಎರಡೂ ಕಡೆಯವರು ಒಂದು ಸಲ ಕೂತು ಮಾತಾಡಿದರೆ ಏನಾದರೂ ಆಗುತ್ತೆ.

ಮೂರನೆಯದು ಮಾರ್ಚ್ 3. ಆ ದಿನ ನಮ್ಮ ಸಂಘ ಕೇಕು, ಡಿಜೆ ಬಿಟ್ಟು ಒಂದು ಮೇಜು ಹಾಕಲಿ. ಮನೆಯಿಂದ ಕ್ಯಾಸೆಟ್ಟು, ಟೇಪು, ಹಾಡಿನ ಪುಸ್ತಕ, ನಾಟಕದ ಕರಪತ್ರ ತಂದವರ ವಸ್ತುವನ್ನ ಡಿಜಿಟಲ್ ಮಾಡಿ, ಮೂಲವನ್ನ ಮನೆಯವರಿಗೇ ವಾಪಸ್ ಕೊಡೋದು. ಯಾರ ದನಿ, ಯಾವ ಊರು, ಯಾವ ವರ್ಷ ಅಂತ ಬರೆದಿಡೋದು. ಈ ಬರೆದಿಡೋ ಕೆಲಸಕ್ಕೆ ಸ್ಟೇಟಸ್‌ನಲ್ಲಿ ಲೈಕು ಬರಲ್ಲ, ಆದರೆ ಇದಿಲ್ಲದಿದ್ದರೆ ಉಳಿಸಿದ್ದೂ ಕಳೆದಂತೆಯೇ.

'ಸತಿ ಸುಲೋಚನ' ಎಂದಾದರೂ ಸಿಗಬಹುದಾ? ಜರ್ಮನಿಯ 'ಮೆಟ್ರೊಪೊಲಿಸ್' 1927ರ ಮೂಕಿ ಚಿತ್ರ. ಅದರ ಕತ್ತರಿಸಿ ಎಸೆದ ಭಾಗಗಳು ಹೋದವು ಅಂತಲೇ ಎಲ್ಲರೂ ಕೈಬಿಟ್ಟಿದ್ದರು. 2008ರಲ್ಲಿ ಅರ್ಜೆಂಟೀನಾದ ಒಂದು ವಸ್ತುಸಂಗ್ರಹಾಲಯದಲ್ಲಿ ಅವು ಸಿಕ್ಕವು. ಅಂಥ ಅದೃಷ್ಟವನ್ನ ನಂಬಿಕೊಂಡು ಕೂರೋಕಾಗಲ್ಲ, ಆದರೆ ಒಂದು ಮಾತು ಮರೆಯಬಾರದು: ಸಿಕ್ಕಿದ್ದೆಲ್ಲ ಯಾರೋ ಹುಡುಕಿದ್ದಕ್ಕೆ ಸಿಕ್ಕಿದ್ದು.

2034ಕ್ಕೆ ನಮ್ಮ ವಾಕ್ಚಿತ್ರಕ್ಕೆ ನೂರು ತುಂಬುತ್ತೆ. ಆಗ ನಾವೆಲ್ಲ ಎಲ್ಲೆಲ್ಲೋ ಕೆಲಸದಲ್ಲಿರ್ತೀವಿ. ದೊಡ್ಡ ವೇದಿಕೆ, ದೊಡ್ಡ ಭಾಷಣ, ಡ್ರೋನ್ ಶೋ ಎಲ್ಲ ಇರುತ್ತೆ. ತೆರೆ ಮೇಲೆ ಹಾಕೋಕೆ ಸಿನಿಮಾ ಇರಲ್ಲ. ಅದನ್ನ ನಮ್ಮಿಂದ ಬದಲಾಯಿಸೋಕಾಗಲ್ಲ. ಇವತ್ತು ನಮ್ಮ ಮನೆಗಳಲ್ಲಿ ಇರೋದು ಅವತ್ತಿಗೂ ಇರೋ ಹಾಗೆ ನೋಡಿಕೊಳ್ಳೋದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ, ಹಳೇ ಟ್ರಂಕು ತೆಗೆಸಿ. ಅಜ್ಜಿಯನ್ನ ಒಂದು ಮಾತು ಕೇಳಿ, ಏನಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ಸಿಕ್ಕಿದ್ದನ್ನ ಪ್ಲೇ ಮಾಡಿ ನೋಡೋ ಆಸೆಗೆ ಬೀಳಬೇಡಿ, ಹಳೇ ಟೇಪು ಕಿತ್ತುಹೋಗುತ್ತೆ. ಬಿಸಿಲಿಗೆ ಇಡಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ.